ಗ್ರಂಥಿ ತಣಿಯುವ ತನಕ

ರೋಗದ ಬೇರು ಕೀಳುವ ಮದ್ದಿಗೆ ಇರುವ ಮರ್ಯಾದೆ ರೋಗದ ಕಾಟ ತಗ್ಗಿಸುವ ಮದ್ದಿಗಿಲ್ಲ. ವೈದ್ಯಶಾಸ್ತ್ರದ ಚರಿತ್ರೆ ಬರೆದವರು ಶಸ್ತ್ರಚಿಕಿತ್ಸೆಗೆ, ಲಸಿಕೆಗೆ, ಆ್ಯಂಟಿಬಯಾಟಿಕ್‌ಗೆ ಅಧ್ಯಾಯಗಳನ್ನೇ ಮೀಸಲಿಟ್ಟರು. ನಡುಕ, ಎದೆಬಡಿತ, ನಿದ್ದೆಗೇಡುಗಳನ್ನು ಶಮನ ಮಾಡಿದ ಮಾತ್ರೆಗಳು ಅಡಿಟಿಪ್ಪಣಿಗೆ ಸರಿದವು. ಥೈರಾಯ್ಡ್ ಗ್ರಂಥಿ ಮಿತಿಮೀರಿ ದುಡಿಯುವ ಕಾಯಿಲೆಯಲ್ಲಿ ಈ ತಾರತಮ್ಯ ಎದ್ದು ಕಾಣುತ್ತದೆ. ಕಾರ್ಬಿಮಜೋಲ್ ಮಾತ್ರೆ, ವಿಕಿರಣಶೀಲ ಅಯೋಡಿನ್, ಶಸ್ತ್ರಚಿಕಿತ್ಸೆ ಈ ಮೂರಕ್ಕೆ ಚಿಕಿತ್ಸೆಯೆಂಬ ಹೆಸರಿದೆ. ಪ್ರೊಪ್ರನೊಲಾಲ್ ಅಥವಾ ಅಟೆನೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆಯನ್ನು ಚೀಟಿಯ ಕೊನೆಯ ಸಾಲಿನಲ್ಲಿ ಬರೆಯುತ್ತಾರೆ, ಎಣಿಸುವಾಗ ಬಿಡುತ್ತಾರೆ. ಆದರೆ ಕಲಬುರಗಿಯಂಥ ಊರಿನಿಂದ, ಅದಕ್ಕೂ ಆಚೆ ಕಮಲಾಪುರದಂಥ ತಾಲ್ಲೂಕಿನಿಂದ ಈ ಚರಿತ್ರೆಯನ್ನು ನೋಡಿದರೆ ಕೊನೆಯ ಸಾಲೇ ಮೊದಲ ಸಾಲಾಗಬೇಕಿತ್ತು ಅನ್ನಿಸುತ್ತದೆ. ಪರೀಕ್ಷೆ ದೂರವಿದ್ದಲ್ಲಿ, ತಜ್ಞರು ಇನ್ನೂ ದೂರವಿದ್ದಲ್ಲಿ, ರೋಗಿಯನ್ನು ಚಿಕಿತ್ಸೆಯ ದಡ ಮುಟ್ಟಿಸುವುದೇ ಅರ್ಧ ಚಿಕಿತ್ಸೆ. ಆ ಕೆಲಸವನ್ನು ಈ ಅಗ್ಗದ ಮಾತ್ರೆ ಮಾಡುತ್ತದೆ. ಅದು ಇಲ್ಲಿನ ಅಂಗಡಿಗೆ ಬಂದದ್ದರ ಹಿಂದೆ ಒಂದು ಬೇರಿನ ಕಥೆಯಿದೆ, ಒಂದು ಕಾಲೇಜಿನ ಕಥೆಯಿದೆ, ಒಂದು ಕಾಯ್ದೆಯ ಕಥೆಯಿದೆ.

ಮೊದಲು ಕಾಯಿಲೆಯನ್ನು ಈ ನೆಲದ ಮೇಲಿಟ್ಟು ನೋಡಬೇಕು. ಕಲಬುರಗಿ ಬಿಸಿಲಿನ ಸೀಮೆ; ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಥೈರಾಯ್ಡ್ ಹೆಚ್ಚಾದವರಿಗೆ ಮೈ ಸುಡುತ್ತದೆ, ಬೆವರು ಧಾರಾಳವಾಗಿ ಹರಿಯುತ್ತದೆ, ಉಂಡದ್ದು ಮೈಗೆ ಹತ್ತದೆ ತೂಕ ಇಳಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಸಣ್ಣದಕ್ಕೂ ಸಿಟ್ಟು ನೆತ್ತಿಗೇರುತ್ತದೆ. ತೊಗರಿ ಹೊಲದಲ್ಲೋ ಕಮಲಾಪುರದ ಕೆಂಪು ಬಾಳೆ ತೋಟದಲ್ಲೋ ದುಡಿಯುವ ಹೆಂಗಸು ‘ಎದಿ ಡವಡವ ಅಂತದ, ಕೈ ನಡುಗ್ತಾವ, ನಿದ್ದಿ ಹತ್ತಂಗಿಲ್ಲ’ ಅಂದರೆ ಬಿಸಿಲಿಗೆ ಉಷ್ಣವಾಗಿದೆ, ಮಜ್ಜಿಗೆ ಕುಡಿ ಅನ್ನುವವರೇ ಹೆಚ್ಚು. ಗಂಡಸಾದರೆ ಚಿಂತೆಗೋ ಚಟಕ್ಕೋ ಗಂಟು ಹಾಕುತ್ತಾರೆ. ಬಿಸಿಲೇ ರೋಗದ ವೇಷ ಹಾಕುವ ಊರಿನಲ್ಲಿ ರೋಗ ಬಿಸಿಲಿನ ವೇಷ ಹಾಕಿ ತಪ್ಪಿಸಿಕೊಳ್ಳುತ್ತದೆ. ಇದನ್ನು ಬೇರ್ಪಡಿಸಲು ಹಳೆಯ ವೈದ್ಯರ ಬಳಿ ಕೆಲವು ಉಪಾಯಗಳಿದ್ದವು. ರೋಗಿ ಎರಡೂ ಕೈ ಮುಂದೆ ಚಾಚಿ ಬೆರಳು ಬಿಡಿಸಿ ನಿಲ್ಲಬೇಕು. ಬೆರಳುಗಳ ಮೇಲೆ ಒಂದು ತೆಳು ಹಾಳೆ ಇಡುತ್ತಾರೆ. ಬರಿಗಣ್ಣಿಗೆ ಕಾಣದ ಸಣ್ಣ ನಡುಕ ಹಾಳೆಯ ಅಂಚಿನಲ್ಲಿ ಪಟಪಟನೆ ಕಾಣಿಸುತ್ತದೆ. ಇನ್ನೊಂದು, ನಿದ್ದೆಯಲ್ಲಿರುವಾಗ ನಾಡಿ ಎಣಿಸುವುದು. ಅಂಜಿಕೆಯಿಂದ ಏರಿದ ನಾಡಿ ನಿದ್ದೆಯಲ್ಲಿ ಇಳಿಯುತ್ತದೆ. ಥೈರಾಯ್ಡ್‌ನಿಂದ ಏರಿದ್ದು ನಿದ್ದೆಯಲ್ಲೂ ಓಡುತ್ತಿರುತ್ತದೆ. ಇನ್ನು ಕೈಹಿಡಿದು ನೋಡುವುದು: ಚಿಂತೆಯವರ ಅಂಗೈ ಬೆವೆತು ತಣ್ಣಗಿರುತ್ತದೆ, ಇವರದು ಬೆವೆತು ಬೆಚ್ಚಗಿರುತ್ತದೆ. 1959ರಲ್ಲಿ ಕ್ರೂಕ್ಸ್, ಮರ್ರೆ, ವೇಯ್ನ್ ಎಂಬ ಮೂವರು ಬ್ರಿಟಿಷ್ ವೈದ್ಯರು ಇಂಥ ಚಿಹ್ನೆಗಳಿಗೆ ಅಂಕ ಕೊಟ್ಟು ಕೂಡಿಸಿ ರೋಗ ನಿರ್ಧರಿಸುವ ಪಟ್ಟಿಯನ್ನೇ ಮಾಡಿದರು. ಥೈರಾಯ್ಡನ್ನು ದುಡಿಸುವ ಪಿಟ್ಯುಟರಿ ಹಾರ್ಮೋನು ಟಿಎಸ್‌ಎಚ್‌ನ ರಕ್ತಪರೀಕ್ಷೆ ಮನೆಮಾತಾಗುವ ಮುನ್ನ ಅನೇಕ ವೈದ್ಯರು ಇದನ್ನು ನಂಬಿ ನಡೆದರು.

ಕುತೂಹಲದ ಸಂಗತಿಯೆಂದರೆ ಈ ರೋಗ ಪುಸ್ತಕಕ್ಕೆ ಸೇರಿದ್ದೇ ಎದೆಯ ಕಾಯಿಲೆಯಾಗಿ. ಇಂಗ್ಲೆಂಡಿನ ಕೇಲೆಬ್ ಪ್ಯಾರಿ 1786ರಲ್ಲಿ ಮೊದಲ ರೋಗಿಯನ್ನು ಕಂಡ. ಅವನ ಬರಹ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1825ರಲ್ಲಿ. ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್ 1835ರಲ್ಲಿ ವಿವರಿಸಿದ್ದು ಬಹುಕಾಲ ನಿಲ್ಲದ ಎದೆಬಡಿತದಿಂದ ಬಳಲುತ್ತಿದ್ದ ಹೆಂಗಸರನ್ನು. ಕೊರಳಿನ ಊತ ಅವನಿಗೆ ಜೊತೆಗೆ ಕಂಡ ವಿಷಯ. ಜರ್ಮನಿಯ ಬಾಸೆಡೋ 1840ರಲ್ಲಿ ಎದೆಬಡಿತ, ಗಳಗಂಡ, ಮುಂದೆ ಚಾಚಿದ ಕಣ್ಣು ಮೂರನ್ನೂ ಒಂದೇ ರೋಗದ ಮುಖಗಳೆಂದು ಜೋಡಿಸಿದ. ಆಮೇಲೆ ದೃಷ್ಟಿಯೆಲ್ಲ ಗ್ರಂಥಿಯ ಮೇಲೆ ನೆಟ್ಟಿತು. ಸ್ವಿಟ್ಜರ್ಲೆಂಡಿನ ಥಿಯೊಡೋರ್ ಕೋಚರ್ ಥೈರಾಯ್ಡ್ ಶಸ್ತ್ರಚಿಕಿತ್ಸೆಯನ್ನು ಪಳಗಿಸಿ 1909ರಲ್ಲಿ ನೊಬೆಲ್ ಪಡೆದ. 1920ರ ದಶಕದಲ್ಲಿ ಅಮೆರಿಕದ ಹೆನ್ರಿ ಪ್ಲಮ್ಮರ್ ಶಸ್ತ್ರಚಿಕಿತ್ಸೆಗೆ ಮುನ್ನ ಅಯೋಡಿನ್ ಕೊಡುವ ಕ್ರಮ ತಂದ. 1941ರಲ್ಲಿ ಬಾಸ್ಟನ್ನಿನಲ್ಲಿ ಸಾಲ್ ಹರ್ಟ್ಜ್ ವಿಕಿರಣಶೀಲ ಅಯೋಡಿನ್ ಕೊಟ್ಟ. 1943ರಲ್ಲಿ ಆಸ್ಟ್‌ವುಡ್ ಥಯೋಯುರಾಸಿಲ್ ಬಗೆಯ ಮಾತ್ರೆಗಳ ದಾರಿ ತೆರೆದ. 1951ರಲ್ಲಿ ಕಾರ್ಬಿಮಜೋಲ್ ಬಂತು, ನಮ್ಮಲ್ಲಿ ನಿಯೋ-ಮರ್ಕಜೋಲ್ ಎಂಬ ಹೆಸರಿನಿಂದ ಈಗಲೂ ಪರಿಚಿತ. ಗ್ರೇವ್ಸ್‌ನ ಎದುರು ಕುಳಿತ ಹೆಂಗಸರು ದೂರಿದ್ದು ಕೊರಳನ್ನಲ್ಲ, ಎದೆಯನ್ನು. ಆ ದೂರಿಗೆ ನೇರ ಉತ್ತರ ಕೊಡಲು ವೈದ್ಯಶಾಸ್ತ್ರ 130 ವರ್ಷ ತೆಗೆದುಕೊಂಡಿತು.

ಆ ಉತ್ತರದ ಒಂದು ಎಳೆ ಹೈದರಾಬಾದ್ ಸಂಸ್ಥಾನದ ಮೂಲಕ ಹಾದುಹೋಗುತ್ತದೆ ಎಂಬುದನ್ನು ನಮ್ಮವರು ನೆನೆಯುವುದು ಕಡಿಮೆ. ಆಗ ಗುಲ್ಬರ್ಗಾ ಎನ್ನಿಸಿಕೊಂಡಿದ್ದ ಕಲಬುರಗಿ ನಿಜಾಮರ ಸುಬಾ ಕೇಂದ್ರ. ಸಂಸ್ಥಾನದ ಬ್ರಿಟಿಷ್ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿಗೆ ಕ್ಲೋರೋಫಾರ್ಮ್ ಮೇಲೆ ಅಪಾರ ನಂಬಿಕೆ. ಕ್ಲೋರೋಫಾರ್ಮ್ ಕೊಟ್ಟಾಗ ಆಗುವ ಸಾವುಗಳಿಗೆ ಉಸಿರು ನಿಲ್ಲುವುದು ಕಾರಣವೇ ಹೊರತು ಹೃದಯವಲ್ಲ ಎಂಬುದು ಅವನ ವಾದ. ನಿಜಾಮ್ ಸರ್ಕಾರ ಹಣ ಕೊಟ್ಟು 1888ರಲ್ಲಿ ಒಂದು ಆಯೋಗ, 1889ರಲ್ಲಿ ಲಂಡನ್ನಿನಿಂದ ಲಾಡರ್ ಬ್ರಂಟನ್ ಬಂದು ಸೇರಿದ ಎರಡನೇ ಆಯೋಗ ನಡೆಸಿತು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಲಾರಿಯದೇ ಸರಿ ಎಂದು ತೀರ್ಪಾಯಿತು. ತೀರ್ಪು ತಪ್ಪಾಗಿತ್ತು. 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿದ್ದು ಬೇರೆಯೇ: ಹಗುರವಾಗಿ ಕ್ಲೋರೋಫಾರ್ಮ್ ಕೊಟ್ಟ ಪ್ರಾಣಿಗೆ ಅಡ್ರಿನಲಿನ್ ಸೇರಿದರೆ ಹೃದಯದ ಕೆಳಕೋಣೆಗಳು ಲಯ ತಪ್ಪಿ ಬರೀ ಕಂಪಿಸುತ್ತ ನಿಂತುಹೋಗುತ್ತವೆ. ದೇಹದೊಳಗೇ ಹುಟ್ಟುವ ರಸವೊಂದು ಸಂದರ್ಭ ಕೆಟ್ಟರೆ ಹೃದಯವನ್ನು ಕೊಲ್ಲಬಲ್ಲದು ಎಂಬ ಈ ಅರಿವೇ ಮುಂದೆ ಬೀಟಾ ಬ್ಲಾಕರ್‌ಗೆ ನೆಲ ಹದ ಮಾಡಿತು. ಹೈದರಾಬಾದಿನ ಆಯೋಗ ತಪ್ಪು ಉತ್ತರ ಕೊಟ್ಟಿರಬಹುದು. ಸರಿಯಾದ ಪ್ರಶ್ನೆಗೆ ಸಂಸ್ಥಾನದ ಬೊಕ್ಕಸ ತೆರೆದದ್ದು ಸಣ್ಣ ಮಾತಲ್ಲ.

ಎರಡನೆಯ ಎಳೆ ಇನ್ನೂ ಹತ್ತಿರದ್ದು, ಅದು ಯುನಾನಿಯದು. ನಿಜಾಮರ ಆಳ್ವಿಕೆಯಲ್ಲಿ ಗುಲ್ಬರ್ಗಾ, ಬೀದರ, ರಾಯಚೂರು ಕಡೆ ಹಕೀಮರ ವೈದ್ಯಕ್ಕೆ ರಾಜಾಶ್ರಯವಿತ್ತು; ಹೈದರಾಬಾದಿನ ಚಾರ್‌ಮಿನಾರ್ ಪಕ್ಕದಲ್ಲಿ ನಿಜಾಮಿಯಾ ಯುನಾನಿ ಆಸ್ಪತ್ರೆ ಎದ್ದದ್ದು ಆ ಆಶ್ರಯದ ಗುರುತು. ಹಕೀಮರು ಅಸ್ರೋಲ್ ಎಂದು, ಆಯುರ್ವೇದದವರು ಸರ್ಪಗಂಧ ಎಂದು, ಕನ್ನಡದಲ್ಲಿ ಸೂತ್ರನಾಭಿ ಎಂದು ಕರೆಯುವ ಗಿಡದ ಬೇರು ಉನ್ಮಾದಕ್ಕೆ, ನಿದ್ದೆಗೇಡಿಗೆ ಬಳಕೆಯಲ್ಲಿತ್ತು. 1931ರಲ್ಲಿ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಈ ಬೇರಿನಿಂದ ಒಂದು ಸತ್ವ ಬೇರ್ಪಡಿಸಿ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅಜ್ಮಲಿನ್ ಎಂದು ಹೆಸರಿಟ್ಟರು. ಅದು ಮುಂದೆ ಹೃದಯದ ಲಯ ಸರಿಪಡಿಸುವ ಮದ್ದಾಯಿತು. ಅದೇ ವರ್ಷ ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕ್ ಬೋಸ್ ಈ ಬೇರು ರಕ್ತದೊತ್ತಡ ಇಳಿಸುತ್ತದೆ ಎಂದು ಬರೆದರು. ಮುಂಬೈಯ ರುಸ್ತುಂ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಇದರ ಪ್ರಯೋಗ ಪ್ರಕಟಿಸಿದ ಮೇಲೆ ಜಗತ್ತಿನ ಕಣ್ಣು ಇತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿತು. ಐದೇ ವರ್ಷದಲ್ಲಿ, 1957ರಲ್ಲಿ, ಅಮೆರಿಕದ ಜಾನ್ ಕ್ಯಾನರಿ ಮತ್ತು ಸಂಗಡಿಗರು ಥೈರಾಯ್ಡ್ ಹೆಚ್ಚಾದವರಿಗೆ ರಿಸರ್ಪಿನ್ ಕೊಟ್ಟು ಅದರ ಪರಿಣಾಮ ದಾಖಲಿಸಿದರು. ಗ್ರಂಥಿಯನ್ನು ಮುಟ್ಟದೆ, ಗ್ರಂಥಿಯ ಉಪಟಳವನ್ನು ದೇಹ ಅನುಭವಿಸುವ ರೀತಿಯನ್ನು ತಣಿಸುವುದು ಎಂಬ ತತ್ವ ಬೀಟಾ ಬ್ಲಾಕರ್‌ಗಿಂತ ಮೊದಲೇ ಆಚರಣೆಗೆ ಬಂತು, ಅದೂ ಭಾರತದ ಒಂದು ಬೇರಿನ ಮೂಲಕ. ರಿಸರ್ಪಿನ್ ನಿಲ್ಲಲಿಲ್ಲ, ಅದು ನರತುದಿಗಳಲ್ಲಿನ ಅಡ್ರಿನಲಿನ್ ಬಗೆಯ ರಸಗಳ ದಾಸ್ತಾನನ್ನೇ ಬರಿದು ಮಾಡಿ ಮನಸ್ಸನ್ನು ಕುಗ್ಗಿಸುತ್ತಿತ್ತು. ಆದರೆ ದಾರಿ ಸರಿಯೆಂದು ತೋರಿಸಿ ಹೋಯಿತು.

ನಿಂತದ್ದು ಪ್ರೊಪ್ರನೊಲಾಲ್. ಅಡ್ರಿನಲಿನ್ ಅಂಗಾಂಗಗಳ ಮೇಲೆ ಎರಡು ಬಗೆಯ ಗ್ರಾಹಕಗಳ ಮೂಲಕ ಕೆಲಸ ಮಾಡುತ್ತದೆಂದು ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ 1948ರಲ್ಲಿ ಬರೆದು ಅವಕ್ಕೆ ಆಲ್ಫಾ, ಬೀಟಾ ಎಂದು ಹೆಸರಿಟ್ಟ. ಹತ್ತು ವರ್ಷ ಆ ಲೇಖನವನ್ನು ಹೆಚ್ಚಿನವರು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ತೆಗೆದುಕೊಂಡ. ಹೃದಯಕ್ಕೆ ಹೆಚ್ಚು ಆಮ್ಲಜನಕ ಒದಗಿಸುವ ಬದಲು ಹೃದಯದ ಬೇಡಿಕೆಯನ್ನೇ ಇಳಿಸಿದರೆ ಹೇಗೆ ಎಂಬುದು ಅವನ ಪ್ರಶ್ನೆ. ಐಸಿಐ ಕಂಪನಿಯಲ್ಲಿ ಅವನ ತಂಡ ಮಾಡಿದ ಮೊದಲ ಮದ್ದು ಪ್ರೊನೆಥಲಾಲ್ ಇಲಿಗಳಲ್ಲಿ ಗೆಡ್ಡೆ ಬರಿಸಿದ್ದರಿಂದ ಬದಿಗೆ ಸರಿಯಿತು. ಅದರ ಬೆನ್ನಿಗೆ ಬಂದ ಪ್ರೊಪ್ರನೊಲಾಲ್ 1960ರ ದಶಕದ ನಡುವಿನಲ್ಲಿ ಮಾರುಕಟ್ಟೆ ಸೇರಿತು. ಬ್ಲ್ಯಾಕ್‌ಗೆ 1988ರಲ್ಲಿ ನೊಬೆಲ್ ಸಂದಿತು. ಅವನು ಎದುರಿಗಿಟ್ಟುಕೊಂಡಿದ್ದು ಎದೆನೋವಿನ ರೋಗಿಗಳನ್ನು. ಆದರೆ 1965ರಲ್ಲೇ ಪಾಲ್ ಟರ್ನರ್ ಮತ್ತು ಜೊತೆಗಾರರು ಲ್ಯಾನ್ಸೆಟ್‌ನಲ್ಲಿ ಥೈರಾಯ್ಡ್ ರೋಗಿಗಳ ವೇಗದ ನಾಡಿಯನ್ನು ಈ ಮದ್ದು ಇಳಿಸುತ್ತದೆಂದು ಬರೆದರು. ಅದರ ಕಾರ್ಯವಿಧಾನದಲ್ಲಿ ಒಂದು ಸೊಗಸಿದೆ. ಥೈರಾಯ್ಡ್ ಹೆಚ್ಚಾದವರ ರಕ್ತದಲ್ಲಿ ಅಡ್ರಿನಲಿನ್ ಹೆಚ್ಚಿರುವುದಿಲ್ಲ. ಇರುವಷ್ಟಕ್ಕೇ ದೇಹ ಅತಿಯಾಗಿ ಸ್ಪಂದಿಸುತ್ತದೆ. ಆ ಸ್ಪಂದನದ ಬಾಗಿಲನ್ನೇ ಬೀಟಾ ಬ್ಲಾಕರ್ ಮುಚ್ಚುತ್ತದೆ. ಗಂಟೆಗಳೊಳಗೆ ನಾಡಿ ಇಳಿಯುತ್ತದೆ, ನಡುಕ ತಗ್ಗುತ್ತದೆ, ಆ ರಾತ್ರಿಯೇ ನಿದ್ದೆ ಬರಬಹುದು. ಹೆಚ್ಚಿನ ಪ್ರಮಾಣದಲ್ಲಿ ಪ್ರೊಪ್ರನೊಲಾಲ್ ಥೈರಾಯ್ಡ್‌ನ ಟಿ4 ಹಾರ್ಮೋನು ಅದಕ್ಕಿಂತ ಪ್ರಬಲವಾದ ಟಿ3 ಆಗುವುದನ್ನೂ ಕೊಂಚ ತಡೆಯುತ್ತದೆ.

ಇತ್ತ ಗುಲ್ಬರ್ಗಾದಲ್ಲಿ ಆ ವರ್ಷಗಳು ಬೇರೆಯದೇ ಕಟ್ಟೋಣದ ವರ್ಷಗಳು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮ್ ಆಳ್ವಿಕೆ ಮುಗಿದಿತ್ತು. 1956ರ ನವೆಂಬರ್ 1ಕ್ಕೆ ಜಿಲ್ಲೆ ಮೈಸೂರು ರಾಜ್ಯ ಸೇರಿತು. ನಿಜಾಮರ ಕಾಲದಲ್ಲಿ ಇಲ್ಲಿನ ಹುಡುಗ ಡಾಕ್ಟರಾಗಬೇಕೆಂದರೆ ಹೈದರಾಬಾದಿಗೆ ಹೋಗಿ ಉಸ್ಮಾನಿಯಾದಲ್ಲಿ ಉರ್ದುವಿನಲ್ಲಿ ಓದಬೇಕಿತ್ತು. ರಾಜ್ಯ ಬದಲಾದ ಮೇಲೆ ಆ ದಾರಿಯೂ ಪರರಾಜ್ಯದ ದಾರಿಯಾಯಿತು, ಬೆಂಗಳೂರು ಇನ್ನೂ ದೂರ. ಗುಲ್ಬರ್ಗಾದ ಲೋಕಸಭಾ ಸದಸ್ಯರಾಗಿದ್ದ ಮಹಾದೇವಪ್ಪ ರಾಂಪುರೆಯವರು 1958ರಲ್ಲಿ ಹೈದರಾಬಾದ್ ಕರ್ನಾಟಕ ಎಜುಕೇಶನ್ ಸೊಸೈಟಿ ಕಟ್ಟಿದರು. ಅದರ ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾಯಿತು, ಈಗ ಅವರದೇ ಹೆಸರಿನಲ್ಲಿದೆ. ಸೇಡಂ ರಸ್ತೆಯ ಈ ಕಾಲೇಜಿನ ಮೊದಲ ತಂಡ ಪಾಠ ಕೇಳುತ್ತಿದ್ದ ಅದೇ ವರ್ಷಗಳಲ್ಲಿ ಟರ್ನರ್‌ನ ಲೇಖನ ಬಂದದ್ದು. ಆ ತಂಡ ಓದು ಮುಗಿಸುವ ಹೊತ್ತಿಗೆ ಬೀಟಾ ಬ್ಲಾಕರ್ ಪಠ್ಯಪುಸ್ತಕ ಸೇರುತ್ತಿತ್ತು. ಹಳೆಯ ಕಾಲೇಜುಗಳ ವೈದ್ಯರು ನಡುವಯಸ್ಸಿನಲ್ಲಿ ಹೊಸದಾಗಿ ಕಲಿಯಬೇಕಾಗಿದ್ದನ್ನು ಇಲ್ಲಿನ ಹೊಸ ವೈದ್ಯರು ಮೊದಲ ಪಾಠವಾಗಿ ಕಲಿಯುವ ಕಾಲ ಕೂಡಿಬಂದಿತ್ತು. ತಡವಾಗಿ ಹುಟ್ಟಿದ ಕಾಲೇಜಿಗೆ ಇಂಥದೊಂದು ಅನುಕೂಲವೂ ಉಂಟು.

ಪಾಠದಲ್ಲಿ ಮದ್ದು ಇದ್ದರೆ ಸಾಲದು, ಅಂಗಡಿಯಲ್ಲೂ ಇರಬೇಕು, ಕೊಳ್ಳುವ ಬೆಲೆಯಲ್ಲಿರಬೇಕು. 1960ರ ದಶಕದ ಭಾರತದಲ್ಲಿ ಇದೇ ತೊಡಕು. 1911ರ ಬ್ರಿಟಿಷ್ ಕಾಲದ ಪೇಟೆಂಟ್ ಕಾಯ್ದೆ ಮದ್ದಿನ ಮೇಲೆಯೇ ಒಡೆತನ ಕೊಡುತ್ತಿತ್ತು. ಪೇಟೆಂಟುಗಳ ದೊಡ್ಡ ಪಾಲು ವಿದೇಶಿ ಕಂಪನಿಗಳ ಕೈಯಲ್ಲಿತ್ತು. ಭಾರತದಲ್ಲಿ ಔಷಧ ಬೆಲೆ ಜಗತ್ತಿನಲ್ಲೇ ಹೆಚ್ಚಿನವುಗಳಲ್ಲಿ ಸೇರಿದೆಯೆಂದು ಅಮೆರಿಕದ ಸೆನೆಟ್ಟಿನ ಕೆಫಾವರ್ ಸಮಿತಿಯೇ ಹೇಳಿತ್ತು. ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ 1959ರ ವರದಿಯಲ್ಲಿ ಮದ್ದಿಗೆ ಪೇಟೆಂಟ್ ಬೇಡ, ಅದನ್ನು ತಯಾರಿಸುವ ವಿಧಾನಕ್ಕಷ್ಟೇ ಇರಲಿ ಎಂದು ಸಲಹೆ ಕೊಟ್ಟರು. ಸಂಸತ್ತು 1970ರಲ್ಲಿ ಹೊಸ ಕಾಯ್ದೆ ಒಪ್ಪಿತು, ಅದು ಜಾರಿಗೆ ಬಂದದ್ದು 1972ರ ಏಪ್ರಿಲ್ 20ರಂದು. ಈ ಕಾಯ್ದೆಯ ಕಥೆಯಲ್ಲಿ ಪ್ರೊಪ್ರನೊಲಾಲ್ ಹೆಸರಿನಿಂದಲೇ ಬರುತ್ತದೆ. ಮುಂಬೈಯ ಸಿಪ್ಲಾ ಕಂಪನಿ ಈ ಮಾತ್ರೆಯನ್ನು ತಾನೇ ತಯಾರಿಸಲು ಹೊರಟಾಗ ಐಸಿಐ ದೂರು ಇಂದಿರಾ ಗಾಂಧಿಯವರ ತನಕ ಹೋಯಿತು, ಜನರ ಪ್ರಾಣ ಉಳಿಸುವ ಮದ್ದನ್ನು ತಡೆಯುವುದು ಸರಿಯೇ ಎಂದು ನಾವು ಪ್ರಧಾನಿಯವರನ್ನು ಕೇಳಿದೆವು ಎಂದು ಸಿಪ್ಲಾದ ಯೂಸುಫ್ ಹಮೀದ್ ಮುಂದೆ ಹಲವು ಸಲ ಹೇಳಿಕೊಂಡಿದ್ದಾರೆ. ಕಾಯ್ದೆಗೆ ಈ ಒಂದು ಮಾತ್ರೆಯೇ ಕಾರಣ ಎನ್ನುವುದು ಅತಿಶಯ. ಅದರ ಅಡಿಪಾಯ ಅಯ್ಯಂಗಾರ್ ವರದಿಯಲ್ಲೇ ಬಿದ್ದಿತ್ತು. ಆದರೆ ಹೊಸ ಕಾಯ್ದೆಯ ಮೊದಲ ಫಲಗಳಲ್ಲಿ ಇದೊಂದು ಎಂಬುದರಲ್ಲಿ ಅನುಮಾನವಿಲ್ಲ. ಸಿಪ್ಲಾದ ಪ್ರೊಪ್ರನೊಲಾಲ್ ಸಿಪ್ಲಾರ್ ಹೆಸರಿನಲ್ಲಿ ದೇಶವೆಲ್ಲ ಹರಡಿತು. 1871ರಲ್ಲೇ ಮುಂಬೈ-ಮದ್ರಾಸ್ ರೈಲುದಾರಿಯ ಮೇಲೆ ಬಿದ್ದ ಗುಲ್ಬರ್ಗಾಕ್ಕೆ ಮುಂಬೈ ಒಂದು ರಾತ್ರಿಯ ಪ್ರಯಾಣ. 1977ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅತ್ಯಗತ್ಯ ಔಷಧಗಳ ಮೊದಲ ಪಟ್ಟಿ ಹೊರಡಿಸಿದಾಗ ಪ್ರೊಪ್ರನೊಲಾಲ್ ಅದರಲ್ಲಿತ್ತು. ಕಂಡುಹಿಡಿದು ಹದಿನೈದು ವರ್ಷವೂ ಆಗದ ಮದ್ದೊಂದು ಜಿಲ್ಲಾ ಕೇಂದ್ರದ ಔಷಧ ಅಂಗಡಿಗೆ ಬರುವುದು ಅದಕ್ಕೆ ಹಿಂದಿನ ಕಾಲದಲ್ಲಿ ಊಹೆಗೂ ಮೀರಿದ್ದು. ಕಾಲೇಜು ಬರೆಯುವ ಕೈ ಕೊಟ್ಟಿತು, ಕಾಯ್ದೆ ಕೊಳ್ಳುವ ಶಕ್ತಿ ಕೊಟ್ಟಿತು. ಒಂದಿಲ್ಲದೆ ಇನ್ನೊಂದು ಇಲ್ಲಿ ವ್ಯರ್ಥವಾಗುತ್ತಿತ್ತು.

ಇಷ್ಟಾದರೂ ಇದು ಲಕ್ಷಣಕ್ಕಷ್ಟೇ ಮದ್ದು, ಗ್ರಂಥಿ ಹಾಗೆಯೇ ಇರುತ್ತದಲ್ಲ ಎಂಬ ಆಕ್ಷೇಪವಿದೆ. ಮಾತು ನಿಜ, ಆದರೆ ಅದರಿಂದ ಎಳೆಯುವ ತೀರ್ಮಾನ ಸರಿಯಲ್ಲ. ಕಾರ್ಬಿಮಜೋಲ್ ಗ್ರಂಥಿಯಲ್ಲಿ ಹೊಸ ಹಾರ್ಮೋನು ತಯಾರಾಗುವುದನ್ನು ತಡೆಯುತ್ತದೆ. ಈಗಾಗಲೇ ತಯಾರಾಗಿ ಕೂಡಿಟ್ಟದ್ದನ್ನು ಮುಟ್ಟುವುದಿಲ್ಲ. ಬಿತ್ತನೆ ನಿಲ್ಲಿಸಿದ ಮಾತ್ರಕ್ಕೆ ಹಗೇವಿನ ಜೋಳ ಬರಿದಾಗುವುದಿಲ್ಲ. ಗ್ರಂಥಿಯ ಹಗೇವು ತೀರಲು, ರಕ್ತದಲ್ಲಿರುವ ಟಿ4 ಕರಗಲು ಮೂರರಿಂದ ಆರು ವಾರ, ಕೆಲವರಲ್ಲಿ ಇನ್ನೂ ಹೆಚ್ಚು ಹಿಡಿಯುತ್ತದೆ. ಆ ವಾರಗಳಲ್ಲಿ ರೋಗಿಗೆ ಎದೆಬಡಿತ ಹಾಗೆಯೇ, ನಡುಕ ಹಾಗೆಯೇ. ಮದ್ದು ನಾಟಲಿಲ್ಲ ಎಂದು ಮಾತ್ರೆ ಬಿಡುವುದು, ಇನ್ನೊಬ್ಬ ಡಾಕ್ಟರನ್ನು ಹುಡುಕುವುದು, ನಾಟಿ ವೈದ್ಯ, ದರ್ಗಾ, ಗುಡಿ ಸುತ್ತುವುದು ಆಗಲೇ. ಅಷ್ಟೇ ಅಲ್ಲ, ಹೃದಯ ಲಯ ತಪ್ಪಿ ಹೃತ್ಕರ್ಣ ಕಂಪನ ಬರುವುದು, ವಯಸ್ಸಾದವರಲ್ಲಿ ಹೃದಯ ಸೋಲುವುದು ಆ ಅಂತರದಲ್ಲೂ ಸಾಧ್ಯ. ಅಮೆರಿಕದ ಥೈರಾಯ್ಡ್ ಸಂಘದ 2016ರ ಮಾರ್ಗಸೂಚಿ ಲಕ್ಷಣಗಳಿರುವ ಎಲ್ಲರಿಗೂ, ವಿಶೇಷವಾಗಿ ವಯಸ್ಸಾದವರಿಗೆ ಮತ್ತು ಕುಳಿತಾಗಲೂ ನಾಡಿ 90 ಮೀರಿದವರಿಗೆ ಬೀಟಾ ಬ್ಲಾಕರ್ ಕೊಡಬೇಕೆನ್ನುತ್ತದೆ. ಇನ್ನೂ ಮುಖ್ಯವಾದದ್ದು, ಹೆರಿಗೆಯಾದ ಕೆಲವು ತಿಂಗಳಿಗೆ ಕೆಲವು ತಾಯಂದಿರಲ್ಲಿ, ಅಥವಾ ವೈರಸ್ ಜ್ವರದ ಬೆನ್ನಿಗೆ ಗ್ರಂಥಿ ಉರಿಯೂತಗೊಂಡವರಲ್ಲಿ, ಗ್ರಂಥಿ ಹೆಚ್ಚು ತಯಾರಿಸುತ್ತಲೇ ಇರುವುದಿಲ್ಲ, ಕೂಡಿಟ್ಟದ್ದು ಸೋರುತ್ತಿರುತ್ತದೆ. ಅಲ್ಲಿ ಕಾರ್ಬಿಮಜೋಲ್‌ಗೆ ಕೆಲಸವೇ ಇಲ್ಲ. ಬೀಟಾ ಬ್ಲಾಕರ್ ಒಂದೇ ಸಾಕು, ಉಳಿದದ್ದನ್ನು ಕಾಲ ಮಾಡುತ್ತದೆ. ಹಾಗೆಯೇ ಏಷ್ಯಾದ ಗಂಡಸರಲ್ಲಿ ಹೆಚ್ಚು ಕಾಣುವ ಒಂದು ತೊಂದರೆಯಿದೆ: ಹಿಂದಿನ ದಿನ ಮೈಮುರಿಯೆ ದುಡಿದು, ರಾತ್ರಿ ಹೊಟ್ಟೆ ತುಂಬ ಉಂಡು ಮಲಗಿದ ತರುಣ ಬೆಳಗಿನ ಜಾವ ಎದ್ದು ನೋಡಿದರೆ ಕಾಲು ಅಲುಗುವುದಿಲ್ಲ. ರಕ್ತದ ಪೊಟ್ಯಾಸಿಯಂ ಜೀವಕೋಶಗಳೊಳಗೆ ನುಗ್ಗಿ ಸ್ನಾಯು ಸೋತಿರುತ್ತದೆ. ಮನೆಯವರಿಗೆ ಲಕ್ವ ಹೊಡೆದಂತೆ ಕಾಣುವ ಇದರ ಮೂಲ ಥೈರಾಯ್ಡ್. ಗ್ರಂಥಿ ಹತೋಟಿಗೆ ಬರುವ ತನಕ ಇದು ಮರುಕಳಿಸದಂತೆ ತಡೆಯುವುದು ಪ್ರೊಪ್ರನೊಲಾಲ್. ಇಷ್ಟೆಲ್ಲ ಮಾಡುವ ಮಾತ್ರೆಯನ್ನು ಬರೀ ಲಕ್ಷಣದ ಮದ್ದು ಎಂದು ತಳ್ಳಿಹಾಕುವುದು ರೋಗಿ ಅನುಭವಿಸುವುದೇ ರೋಗದ ಬಹುಪಾಲು ಎಂಬುದನ್ನು ಮರೆತ ಮಾತು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಎದೆಬಡಿತ ಅಂತ ಬಂದವರಿಗೆಲ್ಲ ಪ್ರೊಪ್ರನೊಲಾಲ್ ಬರೆದರೆ ಕಾಟ ತಗ್ಗಿ ರೋಗ ಮುಚ್ಚಿಹೋಗುವುದಿಲ್ಲವೇ? ತಿಂಗಳುಗಟ್ಟಲೆ ಮಾತ್ರೆ ನುಂಗುತ್ತ ಗ್ರಂಥಿ ಒಳಗೊಳಗೇ ಮೂಳೆ, ಹೃದಯ ಸವೆಸುವುದಿಲ್ಲವೇ? ಈ ಭಯ ನಿಜವಾದದ್ದು, ಅದರಲ್ಲೂ ಪರೀಕ್ಷೆ ದೂರವಿದ್ದ ಕಡೆ. ಸಾರ್ವಜನಿಕ ಆರೋಗ್ಯವೂ ಇಲ್ಲಿ ನೆರವಿಗೆ ಬರಲಿಲ್ಲ. 1956ರಲ್ಲಿ ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿಯವರು ಅಯೋಡಿನ್ ಉಪ್ಪಿನ ಅಧ್ಯಯನ ಆರಂಭಿಸಿದ್ದು, 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂದದ್ದು ದೊಡ್ಡ ಸಾಧನೆಗಳೇ. ಆದರೆ ಅವು ಹುಡುಕಿದ್ದು ಅಯೋಡಿನ್ ಕೊರತೆಯಿಂದ ಊದಿದ ಕೊರಳನ್ನು. ಕರ್ನಾಟಕದಲ್ಲಿ ಆ ಕಣ್ಣು ಬಿದ್ದದ್ದು ಚಿಕ್ಕಮಗಳೂರು, ಕೊಡಗಿನಂಥ ಮಲೆನಾಡಿನ ಮೇಲೆ. ಕೊರಳು ಊದದೆ ಮೈ ಇಳಿದು ನಡುಗುತ್ತಿದ್ದ ಬಯಲುಸೀಮೆಯ ರೋಗಿ ಯಾವ ಸಮೀಕ್ಷೆಯ ಎಣಿಕೆಗೂ ಸಿಕ್ಕಲಿಲ್ಲ. ಕಮಲಾಪುರ ತಾಲ್ಲೂಕಾದದ್ದೇ 2018ರಲ್ಲಿ. ಅದಕ್ಕೂ ಮೊದಲು ಕಲಬುರಗಿ ತಾಲ್ಲೂಕಿನ ಭಾಗ, ಹುಮನಾಬಾದ್ ರಸ್ತೆಯಲ್ಲಿ ನಗರದಿಂದ ಸುಮಾರು 40 ಕಿಲೋಮೀಟರ್. ವಿಕಿರಣಶೀಲ ಅಯೋಡಿನ್ ಬೇಕಾದರೆ ಹೈದರಾಬಾದೋ ಮುಂಬೈಯೋ ಬೆಂಗಳೂರೋ ಎಂಬ ಪರಿಸ್ಥಿತಿ ಬಹುಕಾಲ ಇತ್ತು. ಇಂಥಲ್ಲಿ ಮುಚ್ಚಿಡುವ ಅಪಾಯವನ್ನು ಒಪ್ಪಿಕೊಂಡೇ ಹೇಳಬೇಕು, ಮುಚ್ಚಿಡುವುದು ಮಾತ್ರೆಯಲ್ಲ, ಪರೀಕ್ಷೆ ಬರೆಯದ ಚೀಟಿ. ನಡುಕ, ತೂಕ ಇಳಿಕೆ, ನಿದ್ದೆಯಲ್ಲೂ ಓಡುವ ನಾಡಿ ಮೂರೂ ಕೂಡಿದಲ್ಲಿ ಅದೇ ದಿನ ಬೀಟಾ ಬ್ಲಾಕರ್ ಶುರು ಮಾಡಿ, ಅದೇ ಚೀಟಿಯಲ್ಲಿ ಟಿಎಸ್‌ಎಚ್ ಮತ್ತು ಟಿ4 ಬರೆಯುವುದು ಎರಡೂ ಒಟ್ಟಿಗೆ ಆಗಬಲ್ಲ ಕೆಲಸ. ಬೀಟಾ ಬ್ಲಾಕರ್ ತೆಗೆದುಕೊಂಡರೆ ರಕ್ತಪರೀಕ್ಷೆಯಲ್ಲಿ ರೋಗ ಮರೆಯಾಗುವುದಿಲ್ಲ. ಟಿಎಸ್‌ಎಚ್ ತಗ್ಗಿದ್ದು ತಗ್ಗಿಯೇ ಕಾಣುತ್ತದೆ. ಪರೀಕ್ಷೆಯ ಫಲಿತಾಂಶ ಬರುವ ತನಕ ರೋಗಿಯನ್ನು ನರಳಿಸುವುದರಿಂದ ಪರೀಕ್ಷೆ ಹೆಚ್ಚು ನಿಖರವೂ ಆಗುವುದಿಲ್ಲ. ಒಂದು ರಾತ್ರಿ ನಿದ್ದೆ ಮಾಡಿದ ರೋಗಿ ಎರಡನೇ ಸಲ 40 ಕಿಲೋಮೀಟರ್ ಬಸ್ಸು ಹತ್ತಿ ಬರುತ್ತಾನೆ. ನಿದ್ದೆ ಕಾಣದವನು ಡಾಕ್ಟರ್ ಬದಲಿಸುತ್ತಾನೆ, ಇಲ್ಲವೇ ಬರುವುದೇ ಬಿಡುತ್ತಾನೆ.

ಮೂರನೆಯದು ಹಾನಿಯ ಮಾತು. ಉಬ್ಬಸ ಇರುವವರಿಗೆ ಪ್ರೊಪ್ರನೊಲಾಲ್ ಕೊಟ್ಟರೆ ಉಸಿರು ಕಟ್ಟಿ ಪ್ರಾಣಕ್ಕೇ ಕುತ್ತು. ಹೃದಯದ ವಿದ್ಯುತ್ ದಾರಿಯಲ್ಲಿ ತಡೆಯಿದ್ದವರಿಗೆ ಕೊಡಬಾರದು. ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ ಸಕ್ಕರೆ ಕುಸಿದಾಗ ಎಚ್ಚರಿಸುವ ನಡುಕವನ್ನೇ ಇದು ಅಡಗಿಸುತ್ತದೆ. ಕೊಡುವ ಮುನ್ನ ದಮ್ಮು ಉಂಟೇ ಎಂದು ಕೇಳುವ ಒಂದು ಪ್ರಶ್ನೆ, ಎದೆಗೆ ಸ್ಟೆತಸ್ಕೋಪ್ ಇಡುವ ಒಂದು ನಿಮಿಷ, ಈ ಅಪಾಯದ ದೊಡ್ಡ ಪಾಲನ್ನು ಕಳೆಯುತ್ತದೆ. ಕಲಬುರಗಿ ಸೀಮೆಯಲ್ಲಿ ಇದಕ್ಕಿಂತ ಕಷ್ಟದ್ದು ಮಾತ್ರೆ ನಡುವೆ ನಿಲ್ಲುವುದು. ಕಮಲಾಪುರ ಸುತ್ತಿನ ತಾಂಡಾಗಳಿಂದ, ಹಳ್ಳಿಗಳಿಂದ ಸುಗ್ಗಿ ಮುಗಿಯುತ್ತಲೇ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗುವವರು ಬಹಳ. ಪ್ರೊಪ್ರನೊಲಾಲ್‌ನ ಪ್ರಭಾವ ಕೆಲವೇ ಗಂಟೆ. 10ರಿಂದ 40 ಮಿಲಿಗ್ರಾಮ್‌ನಂತೆ ದಿನಕ್ಕೆ ಮೂರು ನಾಲ್ಕು ಸಲ ನುಂಗಬೇಕು. ಥೈರಾಯ್ಡ್ ಹೆಚ್ಚಾದ ದೇಹ ಈ ಮದ್ದನ್ನೂ ಬೇಗ ಕರಗಿಸುತ್ತದೆ, ಹಾಗಾಗಿ ಪ್ರಮಾಣ ಉಳಿದವರಿಗಿಂತ ಹೆಚ್ಚೇ ಬೇಕಾಗಬಹುದು. ಕಟ್ಟಡದ ಕೆಲಸದ ನಡುವೆ ನಾಲ್ಕು ಹೊತ್ತು ಮಾತ್ರೆ ನೆನಪಿಡುವುದು, ಪರಊರಿನಲ್ಲಿ ಚೀಟಿ ಹಿಡಿದು ಅಂಗಡಿ ಹುಡುಕುವುದು ಸುಲಭವಲ್ಲ. ಗ್ರಂಥಿ ಹತೋಟಿಗೆ ಬರುವ ಮುನ್ನ ಥಟ್ಟನೆ ನಿಲ್ಲಿಸಿದರೆ ನಾಡಿ ಮೊದಲಿಗಿಂತ ಜೋರಾಗಿ ತಿರುಗಿಬೀಳುತ್ತದೆ. 1970ರ ದಶಕದಲ್ಲಿ ಬ್ರಿಟನ್ನಿನ ಕೆಲವು ಶಸ್ತ್ರಚಿಕಿತ್ಸಕರು ಪ್ರೊಪ್ರನೊಲಾಲ್ ಒಂದನ್ನೇ ಕೊಟ್ಟು ಥೈರಾಯ್ಡ್ ಶಸ್ತ್ರಚಿಕಿತ್ಸೆ ಮಾಡಿ ಗೆದ್ದಾಗಲೂ ಅವರ ಕಟ್ಟುನಿಟ್ಟಿನ ಷರತ್ತು ಇದೇ ಆಗಿತ್ತು, ಒಂದು ಹೊತ್ತೂ ತಪ್ಪಬಾರದು. 1976ರಲ್ಲಿ ಬಂದ ಅಟೆನೊಲಾಲ್ ಇಲ್ಲಿ ಉಪಕಾರ ಮಾಡಿತು. ಅದನ್ನು ದಿನಕ್ಕೊಂದು ಸಲ ನುಂಗಿದರೆ ಸಾಕು, ಶ್ವಾಸನಾಳದ ಮೇಲೆ ಪ್ರಭಾವವೂ ಕಡಿಮೆ. ಟಿ4 ಟಿ3 ಆಗುವುದನ್ನು ಅದು ತಡೆಯುವುದಿಲ್ಲ ಎಂಬುದು ನಿಜ, ಆದರೆ ವಲಸೆ ಹೋಗುವವನಿಗೆ ಆ ಸಣ್ಣ ಲಾಭಕ್ಕಿಂತ ತಪ್ಪದೆ ನುಂಗಬಲ್ಲ ಮಾತ್ರೆಯೇ ದೊಡ್ಡದು.

ಈಗ ಕಲಬುರಗಿ ನಗರದಲ್ಲಿ ಒಂದಲ್ಲ, ನಾಲ್ಕು ವೈದ್ಯಕೀಯ ಕಾಲೇಜುಗಳಿವೆ. ಖಾಸಗಿ ಪ್ರಯೋಗಾಲಯಗಳಲ್ಲಿ ಟಿಎಸ್‌ಎಚ್ ಸಾಮಾನ್ಯ ಪರೀಕ್ಷೆ. ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಯೂ ಇದೆ. ಪರೀಕ್ಷೆ ಸುಲಭವಾದ ಮೇಲೆ ಹಾಳೆಯ ಮೇಲಿನ ನಡುಕ ನೋಡುವುದು, ನಾಡಿ ಎಣಿಸುವುದು ಹಳೆಯ ಕಾಲದ ಮಾತಾಯಿತು ಎನ್ನುವವರಿದ್ದಾರೆ. ಥೈರಾಯ್ಡ್‌ನ ವಿಷಯದಲ್ಲಿ ಅದು ಅರ್ಧಸತ್ಯ. ಚಿಕಿತ್ಸೆ ಶುರುವಾಗಿ ಟಿ4 ಸರಿಹೋದ ಮೇಲೂ ಟಿಎಸ್‌ಎಚ್ ಅಂಕಿ ತಿಂಗಳುಗಟ್ಟಲೆ ತಗ್ಗಿಯೇ ಉಳಿಯುತ್ತದೆ, ಬಹುಕಾಲ ಅದುಮಿಟ್ಟ ಪಿಟ್ಯುಟರಿ ಚೇತರಿಸಲು ಅಷ್ಟು ಹೊತ್ತು ಬೇಕು. ಆ ಅಂಕಿಯೊಂದನ್ನೇ ನೋಡಿ ಕಾರ್ಬಿಮಜೋಲ್ ಏರಿಸುತ್ತ ಹೋದರೆ ರೋಗಿ ಅತ್ತ ಕಡೆಯ ಕೊರತೆಗೆ ಬೀಳುತ್ತಾನೆ. ಮೊದಲ ತಿಂಗಳುಗಳಲ್ಲಿ ದಾರಿ ತೋರುವುದು ಟಿ4, ಟಿ3, ತೂಕ ಮತ್ತು ನಾಡಿ. ಬೀಟಾ ಬ್ಲಾಕರ್ ಎಂದು ಇಳಿಸಬೇಕು, ಎಂದು ಬಿಡಬೇಕು ಎಂಬುದನ್ನೂ ಕಮಲಾಪುರದ ಆರೋಗ್ಯ ಕೇಂದ್ರದಲ್ಲಿ ಕುಳಿತ ವೈದ್ಯರು ಟಿ4 ವರದಿಯ ಜೊತೆ ಆ ನಾಡಿಯನ್ನು ಎಣಿಸಿಯೇ ನಿರ್ಧರಿಸಬಹುದು. ಪ್ರಮಾಣ ಇಳಿಸಿದ ಮೇಲೂ ನಿದ್ದೆಯಲ್ಲಿ ನಾಡಿ ಶಾಂತವಾಗಿ ಉಳಿದರೆ ಮಾತ್ರೆಯ ಕೆಲಸ ಮುಗಿದಿದೆ.